ಓದುಗರ ಪ್ರಶ್ನೆ, ನಮ್ಮ ಉತ್ತರ: ಸಲಿಫ್ ಕೇಟಾ ಹಾಡಿದ್ದು ಯಾರ ಹಾಡು?

ಪಶ್ಚಿಮ ಆಫ್ರಿಕದ ಮಾಲಿ ದೇಶದ ಗಾಯಕ ಸಲಿಫ್ ಕೇಟಾ ಅವರನ್ನು ಈ ಅಂಕಣದಲ್ಲಿ ಹಿಂದೊಮ್ಮೆ ‘ಹಾಡಬಾರದ ಮನೆತನದಲ್ಲಿ ಹುಟ್ಟಿ ಹಾಡಿದವರು’ ಎಂದು ಕರೆದಿದ್ದೆ. ವಿವರಿಸದೆ ಬಿಟ್ಟ ಆ ಒಂದು ಮಾತನ್ನು ಹಿಡಿದೇ ಹಲವರು ಬರೆದು ಕೇಳಿದ್ದಾರೆ. ಒಂದೇ ಬಗೆಯ ಪ್ರಶ್ನೆಗಳನ್ನು ಕೂಡಿಸಿಕೊಂಡು ಇಲ್ಲಿ ಉತ್ತರಿಸುತ್ತಿದ್ದೇನೆ.

ಪ್ರಶ್ನೆ: ರಾಜವಂಶದವರು ಹಾಡಬಾರದು ಎಂಬ ಕಟ್ಟುಪಾಡು ನಿಜವಾಗಿಯೂ ಇತ್ತೇ? ಹಳ್ಳಿಯ ಬೇಸಾಯಗಾರರ ಮನೆಯಲ್ಲಿ ಹುಟ್ಟಿದವರಿಗೆ ಅದು ಯಾಕೆ ಅನ್ವಯಿಸಬೇಕು?

ಉತ್ತರ: ಇತ್ತು, ಅದರ ನೆರಳು ಇಂದಿಗೂ ಪೂರ್ತಿಯಾಗಿ ಅಳಿದಿಲ್ಲ. ಮಾಲಿ, ಗಿನಿ ಮತ್ತು ಸುತ್ತಲಿನ ದೇಶಗಳಲ್ಲಿ ಹರಡಿಕೊಂಡಿರುವ ಮಾಂಡೆ ಜನರ ಸಮಾಜದಲ್ಲಿ ಕುಲಕ್ಕೊಂದು ಕಸುಬು ಎಂಬ ಏರ್ಪಾಡು ಶತಮಾನಗಳಿಂದ ನಡೆದುಬಂದಿದೆ. ಕಮ್ಮಾರರು, ಚರ್ಮದ ಕೆಲಸದವರು ಹೇಗೆ ಬೇರೆ ಬೇರೆ ಕುಲಗಳೋ ಹಾಗೆಯೇ ಹಾಡುವವರದೂ ಒಂದು ಕುಲ. ಅವರನ್ನು ಜೇಲಿ ಎನ್ನುತ್ತಾರೆ. ಫ್ರೆಂಚರ ಮೂಲಕ ಹೊರಜಗತ್ತಿಗೆ ಪರಿಚಯವಾದ ಹೆಸರು ಗ್ರಿಯೋ. ಮನೆತನಗಳ ವಂಶಾವಳಿಯನ್ನು ನೆನಪಿನಲ್ಲಿಟ್ಟುಕೊಳ್ಳುವುದು, ಮದುವೆ ಮತ್ತು ನಾಮಕರಣಗಳಲ್ಲಿ ಅದನ್ನು ಹಾಡುವುದು, ಜಗಳವಾದಾಗ ನಡುವೆ ನಿಂತು ಸಂಧಾನ ಮಾಡುವುದು ಅವರ ಹಕ್ಕೂ ಹೌದು, ಹೊಣೆಯೂ ಹೌದು. ಹೊಗಳಿಸಿಕೊಂಡವರು ಕೈತುಂಬ ಕೊಡಬೇಕು. ಕೊಡುವ ಸ್ಥಾನದಲ್ಲಿರುವವರು ಹೊರೋನ್ ಎಂದು ಕರೆಸಿಕೊಳ್ಳುವ ಕುಲೀನರು, ಪಡೆಯುವ ಸ್ಥಾನದಲ್ಲಿರುವವರು ಜೇಲಿಗಳು. ಕೊಡಬೇಕಾದವನೇ ಎದ್ದುನಿಂತು ಹಾಡಿ ಕೈಯೊಡ್ಡಿದರೆ ಇಡೀ ಲೆಕ್ಕಾಚಾರ ತಲೆಕೆಳಗಾಗುತ್ತದೆ ಎಂಬುದು ಆ ಸಮಾಜದ ಆಕ್ಷೇಪ.

ಕೇಟಾ ಎಂಬ ಮನೆತನದ ಹೆಸರು ಸಾಮಾನ್ಯದ್ದಲ್ಲ. 13ನೆಯ ಶತಮಾನದಲ್ಲಿ ಮಾಲಿ ಸಾಮ್ರಾಜ್ಯವನ್ನು ಕಟ್ಟಿದ ಸುಂಜಾಟಾ ಕೇಟಾನ ಹೆಸರು ಅದು. ಆ ವಂಶದವರ ಮನೆಯಲ್ಲಿ ಉಳಿದಿರುವುದು ಹೊಲವೊಂದೇ ಆದರೂ ಹೆಸರಿನ ಭಾರ ಮಾತ್ರ ಇಳಿಯುವುದಿಲ್ಲ. ನೋಡಿದರೆ, ಕೈಯಲ್ಲಿ ಬೇರೇನೂ ಇಲ್ಲದವರಿಗೇ ಹೆಸರನ್ನು ಕಾಪಾಡಿಕೊಳ್ಳುವ ಆತಂಕ ಹೆಚ್ಚು. ಸಲಿಫ್ ಹುಟ್ಟಿದ್ದು 1949ರ ಆಗಸ್ಟ್ 25ರಂದು, ಬಮಾಕೋ ನಗರದಿಂದ ಹೆಚ್ಚು ದೂರವಿಲ್ಲದ, ನೈಜರ್ ನದಿಯ ದಂಡೆಯ ಜೋಲಿಬಾ ಎಂಬ ಊರಿನಲ್ಲಿ. ಅವರಿಗೆ ಶಾಲಾ ಮಾಸ್ತರರಾಗುವ ಆಸೆಯಿತ್ತು. ಕಣ್ಣಿನ ದೃಷ್ಟಿ ಮಂದವಾಗಿದ್ದುದರಿಂದ ಆ ಬಾಗಿಲು ಮುಚ್ಚಿತು. ಬೇರೆ ದಾರಿ ಕಾಣದೆ ಗಿಟಾರು ಹಿಡಿದಾಗ ಮನೆಯವರು ಅದನ್ನು ವಂಶಕ್ಕೆ ತಂದ ಕಳಂಕವೆಂದೇ ಎಣಿಸಿದರು. 1967ರಲ್ಲಿ ಅವರು ಬಮಾಕೋ ಸೇರಿ, ಅಲ್ಲಿನ ಬಾರುಗಳಲ್ಲಿ ಹಾಡುತ್ತಾ ದಿನ ತಳ್ಳಿದರು.

‘ಸಂಪ್ರದಾಯದ ಸಂಗೀತಕ್ಕೆ ಆಧುನಿಕ ಸ್ಪರ್ಶ ಕೊಟ್ಟವರು’ ಎಂದು ಅವರ ಬಗ್ಗೆ ಬರೆಯುವುದು ವಾಡಿಕೆ. ಸಂಪ್ರದಾಯವನ್ನು ಅವರು ಮನೆಯಿಂದ ಹೊತ್ತು ತಂದು ಆಧುನಿಕತೆಯ ಎದುರಿಗೆ ಇಟ್ಟರು ಎಂಬ ಭಾವನೆ ಆ ಮಾತಿನಲ್ಲಿದೆ. ಆದದ್ದು ಹಾಗಲ್ಲ. ಆ ಸಂಪ್ರದಾಯವೇ ಅವರ ಪಾಲಿಗೆ ನಿಷೇಧವಾಗಿತ್ತು, ಮತ್ತು ಅದರೊಳಕ್ಕೆ ಅವರು ಕಾಲಿಟ್ಟದ್ದು ಆಧುನಿಕ ವಾದ್ಯಮೇಳದ ಬಾಗಿಲಿನಿಂದ.

ಪ್ರಶ್ನೆ: ಅವರು ಮೊದಲು ಹಾಡಿದ್ದು ರೈಲ್ವೆ ಇಲಾಖೆಯ ಮೇಳದಲ್ಲಿ ಎಂದು ಓದಿದ್ದೇನೆ. ರೈಲ್ವೆಗೂ ಸಂಗೀತಕ್ಕೂ ಏನು ಸಂಬಂಧ?

ಉತ್ತರ: ಮಾಲಿ 1960ರ ಸೆಪ್ಟೆಂಬರ್ 22ರಂದು ಫ್ರಾನ್ಸಿನಿಂದ ಸ್ವತಂತ್ರವಾಯಿತು. ಹೊಸ ಸರ್ಕಾರ ಸಂಗೀತವನ್ನು ರಾಷ್ಟ್ರ ಕಟ್ಟುವ ಕೆಲಸದ ಒಂದು ಭಾಗವೆಂದೇ ಭಾವಿಸಿ, ಪ್ರಾಂತ್ಯಗಳಲ್ಲಿ ವಾದ್ಯಮೇಳಗಳನ್ನು ಸರ್ಕಾರದ ಖರ್ಚಿನಲ್ಲಿ ನಡೆಸಿತು. ಯುವಜನರ ಕಲಾಸ್ಪರ್ಧೆಗಳನ್ನು ಏರ್ಪಡಿಸಿತು. 1968ರ ಸೇನಾಕ್ರಾಂತಿಯ ಬಳಿಕ ಆಳ್ವಿಕೆ ಬದಲಾದರೂ ಈ ನೀತಿ ಹೆಚ್ಚುಕಡಿಮೆ ಹಾಗೆಯೇ ಮುಂದುವರಿಯಿತು. ಸೆನೆಗಲ್‌ನ ಡಕಾರ್ ಬಂದರಿನಿಂದ ಬರುವ ರೈಲುಮಾರ್ಗದ ಬಮಾಕೋ ನಿಲ್ದಾಣಕ್ಕೆ ಹೊಂದಿಕೊಂಡು ‘ಬ್ಯುಫೆ ಓಟೆಲ್ ದ ಲಾ ಗಾರ್’ ಎಂಬ ಹೋಟೆಲೊಂದಿತ್ತು. ಅಲ್ಲಿ ನುಡಿಸಲೆಂದು 1970ರಲ್ಲಿ ರೈಲ್ವೆಯ ಆಶ್ರಯದಲ್ಲಿ ಹುಟ್ಟಿದ್ದೇ ‘ರೈಲ್ ಬ್ಯಾಂಡ್’. ರೈಲಿಳಿದವರು, ರೈಲಿಗೆ ಕಾಯುವವರು, ಕುಣಿಯಲೆಂದೇ ಬರುವ ಊರಿನವರು ಅದರ ಶ್ರೋತೃಗಳು.

ಆ ಕಾಲದ ಪಶ್ಚಿಮ ಆಫ್ರಿಕದ ನಗರಗಳಲ್ಲಿ ಕುಣಿತದ ಸಂಗೀತವೆಂದರೆ ಮುಖ್ಯವಾಗಿ ಕ್ಯೂಬಾದ್ದು. 1930ರ ದಶಕದಿಂದಲೇ ಕ್ಯೂಬಾದ ಗ್ರಾಮಫೋನ್ ತಟ್ಟೆಗಳು ಇಲ್ಲಿನ ಬಂದರುಗಳಿಗೆ ಬರುತ್ತಿದ್ದವು; ಸ್ವಾತಂತ್ರ್ಯದ ನಂತರ ಮಾಲಿ ತನ್ನ ಕೆಲವು ವಿದ್ಯಾರ್ಥಿಗಳನ್ನು ಸಂಗೀತ ಕಲಿಯಲೆಂದು ಹವಾನಾಕ್ಕೇ ಕಳಿಸಿತ್ತು. ಗುಲಾಮರಾಗಿ ಅಟ್ಲಾಂಟಿಕ್ ದಾಟಿಸಲ್ಪಟ್ಟ ಆಫ್ರಿಕದವರ ಲಯಗಳೇ ಕ್ಯೂಬಾದ ಸಂಗೀತದ ತಳಹದಿಯಾದ್ದರಿಂದ, ಬಮಾಕೋದ ಕಿವಿಗೆ ಅದು ಪರಕೀಯವೆನಿಸಲೂ ಇಲ್ಲ. ರೈಲ್ ಬ್ಯಾಂಡಿನ ನಾಯಕ, ಸ್ಯಾಕ್ಸೊಫೋನ್ ವಾದಕ ತಿಜಾನಿ ಕೋನೆ ಈ ಕ್ಯೂಬನ್ ಚೌಕಟ್ಟಿನೊಳಗೆ ಮಾಂಡೆ ಹಾಡುಗಳನ್ನು ಕೂರಿಸುವ ಪ್ರಯತ್ನದಲ್ಲಿದ್ದರು. ಸಲಿಫ್‌ರನ್ನು ಮೇಳಕ್ಕೆ ಕರೆತಂದವರು ಅವರೇ.

ಸರ್ಕಾರಿ ಮೇಳದಲ್ಲಿ ಹಾಡುಗಾರನಿಗೆ ಸಂಬಳವಿರುತ್ತದೆ. ಮನೆಮನೆಗೆ ಹೋಗಿ ಹೊಗಳಿ ಉಡುಗೊರೆ ಪಡೆಯುವ ಪ್ರಮೇಯ ಬರುವುದಿಲ್ಲ. ಕೇಟಾ ಮನೆತನದ ಹುಡುಗನೊಬ್ಬ ಹಾಡಿಯೂ ಒಂದಿಷ್ಟು ಮಾನ ಉಳಿಸಿಕೊಳ್ಳಲು ಆ ಸಂಬಳವೇ ಅವಕಾಶ ಮಾಡಿಕೊಟ್ಟಿತು ಎಂದು ನನಗನಿಸುತ್ತದೆ. ಹಳೆಯ ಕಟ್ಟುಪಾಡು ಸಡಿಲಗೊಳ್ಳಲು ಒಂದು ರೈಲ್ವೆ ಹೋಟೆಲು ಬೇಕಾಯಿತು.

1973ರಲ್ಲಿ ಸಲಿಫ್ ಆ ಮೇಳ ಬಿಟ್ಟು ಪ್ರತಿಸ್ಪರ್ಧಿ ಮೇಳವಾದ ‘ಲೆಜ಼ಾಂಬಾಸದೂರ್’ ಸೇರಿದರು. ಅವರು ಬಿಟ್ಟ ಜಾಗಕ್ಕೆ ಬಂದವರು ಗಿನಿ ದೇಶದ ಜೇಲಿ ಮನೆತನದ ಮೋರಿ ಕಾಂಟೆ. ಹೊಸ ಮೇಳದಲ್ಲಿ ಜೊತೆಗಾರರಾಗಿ ಸಿಕ್ಕವರು ಗಿಟಾರ್ ವಾದಕ ಕಾಂಟೆ ಮಾನ್ಫಿಲಾ. ಸುಂಜಾಟಾನ ಮಹಾಕಾವ್ಯ ಬಲ್ಲವರಿಗೆ ಇಲ್ಲೊಂದು ತಮಾಷೆ ಕಾಣುತ್ತದೆ: ಆ ಕಾವ್ಯದಲ್ಲಿ ಸುಂಜಾಟಾ ಕೇಟಾ ಸೋಲಿಸುವ ವೈರಿಯ ಹೆಸರು ಸುಮಾಂಗುರು ಕಾಂಟೆ. ರೈಲ್ ಬ್ಯಾಂಡ್ ಮುಂದೆ ಸುಂಜಾಟಾನ ಕಥೆಯನ್ನು ಧ್ವನಿಮುದ್ರಿಸಿದಾಗ ಅದನ್ನು ಹಾಡಿದವರೂ ಒಬ್ಬ ಕಾಂಟೆಯೇ, ಮೋರಿ ಕಾಂಟೆ.

ಪ್ರಶ್ನೆ: ಅವರ ಹಾಡುಗಳಲ್ಲಿ ಯಾವುದು ಹಳೆಯದು, ಯಾವುದು ಹೊಸದು ಎಂದು ಕಿವಿಗೆ ಗೊತ್ತಾಗುವಂತೆ ಹೇಳಬಹುದೇ?

ಉತ್ತರ: ಮೊದಲು ಕಂಠವನ್ನು ಗಮನಿಸಿ. ಜೇಲಿಗಳ ಹಾಡುಗಾರಿಕೆಯಲ್ಲಿ ಸಾಲು ತಾರಸ್ಥಾಯಿಯಲ್ಲಿ ಒಮ್ಮೆಲೇ ಎದ್ದುನಿಂತು, ಆಮೇಲೆ ಮೆಟ್ಟಿಲು ಮೆಟ್ಟಿಲಾಗಿ ಕೆಳಗಿಳಿಯುತ್ತದೆ. ಇಳಿಯುವಾಗ ಮಾತುಗಳು ಒತ್ತೊತ್ತಾಗಿ, ತಾಳಕ್ಕೆ ಪೂರ್ತಿ ಕಟ್ಟುಬೀಳದೆ ಉರುಳುತ್ತವೆ. ಸಲಿಫ್ ಹಾಡುವುದೂ ಹೀಗೆಯೇ. ಈ ಕ್ರಮವನ್ನು ಅವರು ಯಾವ ಗುರುವಿನ ಮುಂದೆಯೂ ಕೂತು ಕಲಿತದ್ದಲ್ಲ, ಜೇಲಿಗಳು ಹಾಡುವುದನ್ನು ಕೇಳಿಸಿಕೊಂಡು ಕಲಿತದ್ದು. ದನಿಯ ಕಸುವಿಗೆ ಅವರು ಕೊಡುವ ಕಾರಣ ಬೇರೆ: ಚಿಕ್ಕಂದಿನಲ್ಲಿ ಹೊಲಕ್ಕೆ ನುಗ್ಗುವ ಹಕ್ಕಿ, ಕೋತಿಗಳನ್ನು ಕೂಗಿ ಕೂಗಿ ಓಡಿಸುತ್ತಿದ್ದುದೇ ತನ್ನ ಕಂಠಸಾಧನೆ ಎಂದು ಅವರು ಹೇಳಿಕೊಂಡಿದ್ದಾರೆ.

ಎರಡನೆಯದಾಗಿ, ಹಿನ್ನೆಲೆಯಲ್ಲಿ ತಿರುಗುವ ಚಿಕ್ಕ ಸ್ವರಗುಚ್ಛ. ಮಾಂಡೆ ವಾದ್ಯಗಳಲ್ಲಿ ಮುಖ್ಯವಾದವು ಮೂರು: ಸೋರೆಬುರುಡೆಗೆ ಚರ್ಮ ಬಿಗಿದು 21 ತಂತಿಗಳನ್ನು ಕಟ್ಟಿದ ಕೋರಾ, ದೋಣಿಯಾಕಾರದ ಪುಟ್ಟ ತಂತಿವಾದ್ಯ ಎನ್‌ಗೋನಿ, ಮರದ ಪಟ್ಟಿಗಳ ಕೆಳಗೆ ಸೋರೆಬುರುಡೆಗಳನ್ನು ತೂಗುಬಿಟ್ಟ ಬಾಲಾಫೋನ್. ಈ ವಾದ್ಯಗಳನ್ನು ನುಡಿಸುವವರು ಒಂದು ಸ್ವರಗುಚ್ಛವನ್ನು ಎಡೆಬಿಡದೆ ತಿರುಗಿಸುತ್ತಾ, ನಡುನಡುವೆ ಅದರಿಂದ ಸಿಡಿದು ಹೊರಬಂದು ವೇಗದ ಆಲಂಕಾರಿಕ ಓಟವೊಂದನ್ನು ಮುಗಿಸಿ ಮತ್ತೆ ಅದೇ ಸುತ್ತಿಗೆ ಮರಳುತ್ತಾರೆ. ರೈಲ್ ಬ್ಯಾಂಡ್ ಮತ್ತು ಲೆಜ಼ಾಂಬಾಸದೂರ್ ಕಾಲದ ಗಿಟಾರು ವಾದಕರು ಮಾಡಿದ ದೊಡ್ಡ ಕೆಲಸವೆಂದರೆ ಇದನ್ನು ಎಲೆಕ್ಟ್ರಿಕ್ ಗಿಟಾರಿಗೆ ಇಳಿಸಿದ್ದು. ತಂತಿಯ ನಾದವನ್ನು ಅಂಗೈಯಿಂದ ಅದುಮಿ ಚಿಕ್ಕದಾಗಿ ಕತ್ತರಿಸಿದರೆ ಗಿಟಾರು ಎನ್‌ಗೋನಿಯಂತೆ ಟಕಟಕನೆ ನುಡಿಯುತ್ತದೆ. ಹಾಗಾಗಿ ‘ಗಿಟಾರು ಬಂತು, ಆದ್ದರಿಂದ ಇದು ಆಧುನಿಕ’ ಎಂಬ ತೀರ್ಮಾನ ಇಲ್ಲಿ ನಿಲ್ಲುವುದಿಲ್ಲ. ಗಿಟಾರು ಬಾರಿಸುವವನ ಬೆರಳಿನಲ್ಲಿರುವುದು ಅಜ್ಜನ ಕಾಲದ ನುಡಿಸಾಣಿಕೆ.

ಹಾಗಿದ್ದರೆ ಹೊಸದು ಯಾವುದು? ತುತ್ತೂರಿ ಮತ್ತು ಸ್ಯಾಕ್ಸೊಫೋನುಗಳು ಗುಂಪಾಗಿ ಕೊಡುವ ಉತ್ತರ, ಡ್ರಮ್ ಸೆಟ್, ಬೇಸ್ ಗಿಟಾರು, ಮುಂದೆ ಪ್ಯಾರಿಸ್ಸಿನಲ್ಲಿ ಬಂದು ಸೇರಿದ ಸಿಂಥಸೈಜರ್. ಇವೆಲ್ಲ ಎದ್ದು ಕಾಣುವ ಹೊಸತು. ನನಗೆ ಇವುಗಳಿಗಿಂತ ಮುಖ್ಯವೆನಿಸುವುದು ಹಾಡಿನ ವಸ್ತು. ಜೇಲಿ ಹಾಡುವುದು ಇನ್ನೊಬ್ಬರ ವಂಶವನ್ನು. ತನ್ನ ಬಗ್ಗೆ ಅವನು ಹಾಡುವುದು ಅಪರೂಪ. ಸಲಿಫ್ ತನ್ನ ಚರ್ಮವನ್ನು, ತನ್ನ ಒಂಟಿತನವನ್ನು, ತನ್ನ ಮನೆಯನ್ನು ಆ ಹಳೆಯ ಹೊಗಳಿಕೆಯ ಧಾಟಿಯಲ್ಲೇ ಹಾಡಿದರು.

ಪ್ರಶ್ನೆ: 1987ರ ‘ಸೋರೋ’ ಆಲ್ಬಮ್ಮಿನಲ್ಲಿ ಸಿಂಥಸೈಜರಿನ ಅಬ್ಬರ ಹೆಚ್ಚಾಗಿ, ಆಫ್ರಿಕದ ಸೊಗಡು ಕಳೆದುಹೋಗಿದೆ ಎಂಬ ಟೀಕೆ ಸರಿಯೇ?

ಉತ್ತರ: ನಾನು ಒಪ್ಪುವುದಿಲ್ಲ. 1978ರಲ್ಲಿ ಮಾಲಿಯ ರಾಜಕೀಯ ಬಿಗಿಯಾದಾಗ ಲೆಜ಼ಾಂಬಾಸದೂರ್ ಮೇಳ ಐವರಿ ಕೋಸ್ಟಿನ ಅಬಿಜಾನ್ ನಗರಕ್ಕೆ ವಲಸೆ ಹೋಯಿತು. 1984ರ ಹೊತ್ತಿಗೆ ಸಲಿಫ್ ಪ್ಯಾರಿಸ್ ಸೇರಿದ್ದರು. ‘ಸೋರೋ’ವನ್ನು ನಿರ್ಮಿಸಿದ ಇಬ್ರಾಹಿಮಾ ಸಿಲ್ಲಾ ಪಶ್ಚಿಮ ಆಫ್ರಿಕದವರೇ, ಅಲ್ಲಿನ ಮಾರುಕಟ್ಟೆಯನ್ನು ಅಂಗೈ ಗೆರೆಯಂತೆ ಬಲ್ಲವರು. ವಾದ್ಯಸಂಯೋಜನೆಯಲ್ಲಿ ಫ್ರೆಂಚ್ ಕಲಾವಿದರಾದ ಫ್ರಾಂಸ್ವಾ ಬ್ರೆಯಾಂ ಮತ್ತು ಜಾನ್-ಫಿಲಿಪ್ ರಿಕಿಯೆಲ್ ಕೈಜೋಡಿಸಿದರು. ಆಗಿನ ಆಫ್ರಿಕದ ನಗರಗಳ ಯುವಜನರು ಆ ಕಾಲದ ಪಾಪ್ ಸಂಗೀತವನ್ನು ಕ್ಯಾಸೆಟ್ಟಿನಲ್ಲಿ ಕೇಳುತ್ತಲೇ ಬೆಳೆದವರು. ಅವರ ಗಾಯಕ ಮಾತ್ರ ಸೋರೆಬುರುಡೆಯ ವಾದ್ಯದೊಂದಿಗೇ ಹಾಡಲಿ ಎಂದು ಬಯಸಿದವರು ಯೂರೋಪಿನ ಕೇಳುಗರೇ ಹೊರತು ಬಮಾಕೋದವರಲ್ಲ. ‘ಅಸಲಿ ಆಫ್ರಿಕ’ ಎಂಬ ಆ ಹಂಬಲದಲ್ಲಿ ವಸ್ತುಸಂಗ್ರಹಾಲಯದ ವಾಸನೆಯಿದೆ.

ಇಷ್ಟಕ್ಕೂ ‘ಸೋರೋ’ದ ಮೊದಲ ಹಾಡು ‘ವಾಂಬಾ’ವನ್ನೇ ಕೇಳಿ. ಕಹಳೆಗಳ ಆರ್ಭಟ, ಕೀಬೋರ್ಡಿನ ಹೊಳಪು ಎಲ್ಲವೂ ಇವೆ. ಹೆಂಗಸರ ಹಿಮ್ಮೇಳ ಒಂದೇ ಸಾಲನ್ನು ಹಿಡಿದು ಬಿಡದೆ ಹೇಳುತ್ತಿರುವಾಗ ಸಲಿಫ್ ಅದರ ಮೇಲೆ ತಮಗೆ ಬೇಕಾದಲ್ಲಿ ಎತ್ತಿ, ಬೇಕಾದಲ್ಲಿ ಇಳಿಸುತ್ತಾರೆ. ಆ ಕೊಡುಕೊಳ್ಳುವಿಕೆ ಪ್ಯಾರಿಸ್ಸಿನ ಸ್ಟುಡಿಯೋದಲ್ಲಿ ಹುಟ್ಟಿದ್ದಲ್ಲ.

ಹಾಗೆಂದು ಅವರ ಎಲ್ಲ ಬೆರಕೆಗಳೂ ಗೆದ್ದಿವೆ ಎನ್ನಲಾರೆ. 1991ರ ‘ಆಮೆನ್’ ಆಲ್ಬಮ್ಮನ್ನು ಜಾಝ್ ದಿಗ್ಗಜ ಜೋ ಜಾವಿನುಲ್ ನಿರ್ಮಿಸಿದರು. ಕಾರ್ಲೋಸ್ ಸಾಂಟಾನಾ, ವೇಯ್ನ್ ಶಾರ್ಟರ್ ಅವರಂಥವರು ನುಡಿಸಿದರು. ಗ್ರ್ಯಾಮಿ ನಾಮನಿರ್ದೇಶನವೂ ಸಿಕ್ಕಿತು. ಆದರೂ ಅದನ್ನು ಕೇಳುವಾಗ ಅತಿಥಿಗಳ ಗದ್ದಲದಲ್ಲಿ ಮನೆಯ ಯಜಮಾನ ಮೂಲೆ ಸೇರಿದಂತೆ ನನಗೆ ಕಾಣುತ್ತದೆ.

ಪ್ರಶ್ನೆ: ಅವರ ಪ್ರಸಿದ್ಧ ಹಾಡು ‘ಮಾಂಜೂ’ ಒಬ್ಬ ಸರ್ವಾಧಿಕಾರಿಯ ಸ್ತುತಿ ಎಂಬುದು ನಿಜವೇ? ಅದನ್ನು ತಿಳಿದೂ ಆ ಹಾಡನ್ನು ಮೆಚ್ಚುವುದು ಹೇಗೆ?

ಉತ್ತರ: ನಿಜ. ಗಿನಿಯ ಮೊದಲ ಅಧ್ಯಕ್ಷ ಸೇಕು ಟೂರೆ ಸಲಿಫ್‌ರಿಗೆ ತಮ್ಮ ದೇಶದ ರಾಷ್ಟ್ರೀಯ ಗೌರವ ನೀಡಿದ್ದರು. 1978ರ ‘ಮಾಂಜೂ’ ಟೂರೆಯ ವಂಶವನ್ನು ಹೊಗಳುವ ಹಾಡು. ಸೇಕು ಟೂರೆ 1958ರಲ್ಲಿ ಫ್ರಾನ್ಸಿನ ಮುಖಕ್ಕೆ ‘ಬೇಡ’ ಎಂದು ಹೇಳಿ ಗಿನಿಗೆ ಸ್ವಾತಂತ್ರ್ಯ ತಂದ ನಾಯಕ. ದೇಶದ ವಾದ್ಯಮೇಳಗಳನ್ನು ಪೋಷಿಸಿ, ಸರ್ಕಾರಿ ಧ್ವನಿಮುದ್ರಣ ಸಂಸ್ಥೆ ಸಿಲಿಫೋನ್ ಮೂಲಕ ಅವುಗಳ ತಟ್ಟೆಗಳನ್ನು ಹೊರತಂದವರು. ಅದೇ ಮನುಷ್ಯ ಕೊನಾಕ್ರಿಯ ಕ್ಯಾಂಪ್ ಬುಆರೋ ಸೆರೆಮನೆಯಲ್ಲಿ ಅಸಂಖ್ಯ ಜನರನ್ನು ಕೊಲ್ಲಿಸಿದವರು. ಆಫ್ರಿಕನ್ ಏಕತಾ ಸಂಘಟನೆಯ ಮೊದಲ ಪ್ರಧಾನ ಕಾರ್ಯದರ್ಶಿಯಾಗಿದ್ದ ಜಾಲೋ ತೆಲ್ಲಿ ಅದೇ ಸೆರೆಯಲ್ಲಿ 1977ರಲ್ಲಿ, ಹಾಡು ಬರುವುದಕ್ಕೆ ಒಂದು ವರ್ಷ ಮೊದಲು, ಪ್ರಾಣಬಿಟ್ಟರು.

ಹತ್ತು ನಿಮಿಷ ಮೀರುವ ಆ ಹಾಡು ಸಂಗೀತವಾಗಿ ಅವರ ಶ್ರೇಷ್ಠ ರಚನೆಗಳಲ್ಲೊಂದು ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಹೊಗಳಿಕೆ ಅಲ್ಲಿನ ಕಾವ್ಯದ ಸಹಜ ರೂಪ, ಅದನ್ನು ಅಕ್ಷರಶಃ ತೆಗೆದುಕೊಳ್ಳಬಾರದು ಎಂಬ ಸಮರ್ಥನೆಯನ್ನು ಕೆಲವರು ಕೊಡುತ್ತಾರೆ. ಅದು ಅರ್ಧ ಸತ್ಯ. ಹೊಗಳಿಕೆಯೇ ವೃತ್ತಿಯಾದ ಜೇಲಿಗೆ ಆ ವಿನಾಯಿತಿ ಸಲ್ಲಬಹುದು; ಆ ವೃತ್ತಿಯ ಋಣವಿಲ್ಲದೆ, ತನ್ನ ಇಚ್ಛೆಯಿಂದಲೇ ಹಾಡಲು ಬಂದವರಿಗೆ ಅದು ಅಷ್ಟು ಸುಲಭವಾಗಿ ಸಲ್ಲುವುದಿಲ್ಲ. ಅಧಿಕಾರದ ಹತ್ತಿರ ಸುಳಿಯುವುದು ಅವರಿಗೆ ಆ ಒಂದು ಹಾಡಿಗೆ ಮುಗಿದದ್ದೂ ಅಲ್ಲ. 2020ರ ಸೇನಾಕ್ರಾಂತಿಯ ನಂತರ ಮಾಲಿಯಲ್ಲಿ ರಚನೆಯಾದ ಮಧ್ಯಂತರ ಶಾಸನಸಭೆಯಲ್ಲಿ ಅವರು ಸದಸ್ಯರಾಗಿದ್ದು, 2023ರಲ್ಲಿ ರಾಜೀನಾಮೆ ಕೊಟ್ಟರು. ಹಾಡನ್ನು ಮೆಚ್ಚಿ, ಅದು ಯಾರಿಗಾಗಿ ಹುಟ್ಟಿತು ಎಂಬುದನ್ನೂ ಮರೆಯದೆ ಇರಲು ಕೇಳುಗರಿಗೆ ಸಾಧ್ಯವಿದೆ. ಒಂದಕ್ಕಾಗಿ ಇನ್ನೊಂದನ್ನು ಅಳಿಸಬೇಕಿಲ್ಲ.

ಪ್ರಶ್ನೆ: ಅವರ ಚರ್ಮದ ಬಿಳುಪು ಅವರ ಸಂಗೀತದ ಮೇಲೆ ಪರಿಣಾಮ ಬೀರಿದೆಯೇ?

ಉತ್ತರ: ಅವರು ಹುಟ್ಟಿನಿಂದಲೇ ಆಲ್ಬಿನಿಸಂ ಉಳ್ಳವರು. ಚರ್ಮ, ಕೂದಲು, ಕಣ್ಣುಗಳಿಗೆ ಬಣ್ಣ ಕೊಡುವ ಮೆಲನಿನ್ ದೇಹದಲ್ಲಿ ತೀರ ಕಡಿಮೆ ಉತ್ಪತ್ತಿಯಾಗುವ ಅನುವಂಶೀಯ ಸ್ಥಿತಿ ಇದು. ದೃಷ್ಟಿದೋಷ ಇದರ ಜೊತೆಗೇ ಬರುತ್ತದೆ, ಬಿಸಿಲು ಚರ್ಮದ ಕ್ಯಾನ್ಸರಿಗೆ ದಾರಿ ಮಾಡುತ್ತದೆ. ಮಾಸ್ತರಿಕೆಯ ದಾರಿ ಮುಚ್ಚಿದ್ದು ಇದರಿಂದಲೇ ಆದ್ದರಿಂದ, ಅವರನ್ನು ಹಾಡಿನತ್ತ ನೂಕಿದ ಕಾರಣಗಳಲ್ಲಿ ಇದೂ ಒಂದು.

ಮೂಢನಂಬಿಕೆ ಇದಕ್ಕಿಂತ ಕ್ರೂರ. ಇಂಥವರು ಅಪಶಕುನವೆಂದು ದೂರವಿಡುವುದು ಒಂದು ಕಡೆಯಾದರೆ, ಅವರ ದೇಹದ ಭಾಗಗಳಿಗೆ ಮಾಂತ್ರಿಕ ಶಕ್ತಿಯಿದೆ ಎಂದು ನಂಬಿ ಕೊಲ್ಲುವುದು ಇನ್ನೊಂದು ಕಡೆ. 2018ರಲ್ಲಿ ಮಾಲಿಯ ಫಾನಾ ಪಟ್ಟಣದಲ್ಲಿ ಆಲ್ಬಿನಿಸಂ ಇದ್ದ ಐದು ವರ್ಷದ ಹುಡುಗಿಯೊಬ್ಬಳು ಹೀಗೆ ಕೊಲೆಯಾದಳು. ಅದೇ ವರ್ಷದ ನವೆಂಬರಿನಲ್ಲಿ ಸಲಿಫ್ ಆ ಪಟ್ಟಣಕ್ಕೇ ಹೋಗಿ, ಅವಳ ನೆನಪಿನಲ್ಲಿ ಕಛೇರಿ ನಡೆಸಿದರು. ಆಲ್ಬಿನಿಸಂ ಉಳ್ಳವರ ನೆರವಿಗಾಗಿ ಅವರದೇ ಪ್ರತಿಷ್ಠಾನವೊಂದು ಕೆಲಸ ಮಾಡುತ್ತಿದೆ. ಫ್ರಾನ್ಸಿನ ‘ವಿಕ್ತ್ವಾರ್ ದ ಲಾ ಮ್ಯೂಸಿಕ್’ ಪ್ರಶಸ್ತಿ ಪಡೆದ 2009ರ ‘ಲಾ ದಿಫೆರಾನ್ಸ್’ ಆಲ್ಬಮ್ಮಿನ ಶೀರ್ಷಿಕೆಗೀತೆಯಲ್ಲಿ, ತಾನು ಬಿಳಿ ಚರ್ಮದ ಕರಿಯನೆಂದೂ ಆ ಭಿನ್ನತೆ ತನಗೆ ಇಷ್ಟವೆಂದೂ ಅವರು ನೇರವಾಗಿಯೇ ಹೇಳುತ್ತಾರೆ. ಮನೆತನಗಳ ಹಿರಿಮೆಯನ್ನು ಸಾರಲೆಂದು ಶತಮಾನಗಳಿಂದ ಪಳಗಿದ ಹಾಡಿನ ಧಾಟಿ, ಸಮಾಜ ಹೊರಗಿಟ್ಟ ದೇಹವೊಂದರ ಪರವಾಗಿ ನಿಂತದ್ದು ಹೀಗೆ.

ಪ್ರಶ್ನೆ: ಸೆನೆಗಲ್‌ನ ಯುಸು ಎನ್ದೂರ್, ಮಾಲಿಯವರೇ ಆದ ಉಮು ಸಂಗಾರೆ ಇವರೂ ಇದೇ ಹಾದಿಯವರಲ್ಲವೇ?

ಉತ್ತರ: ಹಾದಿಗಳು ಬೇರೆ ಬೇರೆ. ಯುಸು ಎನ್ದೂರ್ ತಾಯಿಯ ಕಡೆಯಿಂದ ಗ್ರಿಯೋ ಮನೆತನದವರು; ಹಾಡುವ ಹಕ್ಕು ಅವರಿಗೆ ಹುಟ್ಟಿನಿಂದ ಬಂದದ್ದು. ಸಬಾರ್ ಚರ್ಮವಾದ್ಯಗಳ ಲಯವನ್ನು ಅವರು ‘ಎಂಬಲಾಕ್ಸ್’ ಎಂಬ ನಗರಸಂಗೀತದ ಬೆನ್ನೆಲುಬಾಗಿಸಿದರು. ಉಮು ಸಂಗಾರೆಯವರ ಬೇರು ಮಾಲಿಯ ದಕ್ಷಿಣದ ವಾಸುಲು ಪ್ರದೇಶದಲ್ಲಿದೆ. ಅಲ್ಲಿ ಹಾಡುವುದು ಕುಲದ ಸೊತ್ತಲ್ಲ, ಕಂಠವಿದ್ದವರು ಯಾರೂ ಹಾಡಬಹುದು. ಬೇಟೆಗಾರರ ತಂತಿವಾದ್ಯದಿಂದ ಯುವಕರು ರೂಪಿಸಿಕೊಂಡ ಕಮೆಲೆ ಎನ್‌ಗೋನಿಯನ್ನು ಜೊತೆಗಿಟ್ಟುಕೊಂಡು, ಬಹುಪತ್ನಿತ್ವ ಮತ್ತು ಬಲವಂತದ ಮದುವೆಗಳನ್ನು ಅವರು ಎಳೆಯ ವಯಸ್ಸಿನಲ್ಲೇ ಹಾಡಿನಲ್ಲಿ ಪ್ರಶ್ನಿಸಿದರು. ಹಕ್ಕಿದ್ದು ಹಾಡಿದವರು ಒಬ್ಬರು, ಹಕ್ಕಿನ ಪ್ರಶ್ನೆಯೇ ಇಲ್ಲದ ನೆಲದಿಂದ ಬಂದವರು ಇನ್ನೊಬ್ಬರು. ಹಕ್ಕಿಲ್ಲದೆ ಹಾಡಿದ ಸಲಿಫ್ ಇವರಿಬ್ಬರಿಗಿಂತ ಬೇರೆಯೇ.

ಪ್ರಶ್ನೆ: ಅವರ ಹಾಡುಗಳನ್ನು ಹೊಸದಾಗಿ ಕೇಳುವವರು ಯಾವುದರಿಂದ ಶುರುಮಾಡಬೇಕು?

ಉತ್ತರ: 2002ರ ‘ಮೋಫು’ವಿನಿಂದ. ರಾಗಿಯ ಜಾತಿಯ ಸಿರಿಧಾನ್ಯವೊಂದರ ದಂಟಿನಿಂದ ಮಾಡುವ ಪುಟ್ಟ ಕೊಳಲಿನ ಹೆಸರು ಅದು. ಹೊಲ ಕಾಯುವ ಮಕ್ಕಳು ಅದನ್ನು ಊದಿ ಹಕ್ಕಿಗಳನ್ನು ಬೆದರಿಸುತ್ತಾರೆ. ಬಮಾಕೋದಲ್ಲಿ ತಾವು ತೆರೆದ ಸಂಗೀತ ಕ್ಲಬ್ಬಿಗೂ ಅವರು ಅದೇ ಹೆಸರಿಟ್ಟರು. ದೀರ್ಘಕಾಲ ಪ್ಯಾರಿಸ್ಸಿನ ಸ್ಟುಡಿಯೋಗಳಲ್ಲಿ ಕಳೆದ ಮೇಲೆ ವಿದ್ಯುತ್ ವಾದ್ಯಗಳನ್ನು ಬಹುಮಟ್ಟಿಗೆ ಬದಿಗಿಟ್ಟು, ಹಳೆಯ ಜೊತೆಗಾರ ಕಾಂಟೆ ಮಾನ್ಫಿಲಾರನ್ನು ಮತ್ತೆ ಕರೆದುಕೊಂಡು ಮಾಡಿದ ಆಲ್ಬಮ್ ಇದು. ಕೇಪ್ ವರ್ಡಿಯ ಸೆಜಾರಿಯಾ ಎವೋರಾ ಅವರೊಡನೆ ಹಾಡಿದ ‘ಯಾಮೊರೆ’ ಇರುವುದು ಇದರಲ್ಲೇ. ‘ಮಾದಾನ್’ ಹಾಡಿನ ಕ್ಲಬ್ಬಿನ ರೀಮಿಕ್ಸ್ ನಿಮಗೆ ಮೊದಲೇ ಪರಿಚಯವಿದ್ದರೆ, ಇಲ್ಲಿ ಅದರ ಮೂಲವನ್ನು ಕೇಳಿ; ರೀಮಿಕ್ಸ್ ಮಾಡಿದವರು ಹೆಚ್ಚು ಶ್ರಮಪಡಬೇಕಾಗಿರಲಿಲ್ಲ ಎಂಬುದು ತಿಳಿಯುತ್ತದೆ.

ಅಲ್ಲಿಂದ ಹಿಂದಕ್ಕೆ ಹೋಗಿ ‘ಸೋರೋ’ ಕೇಳಿ, ಆಮೇಲೆ ‘ಮಾಂಜೂ’. ರೈಲ್ ಬ್ಯಾಂಡಿನ ಕಾಲದ ಮುದ್ರಣಗಳು ಮಸುಕಾಗಿವೆ, ಅವುಗಳಿಗೆ ಕಿವಿ ಹೊಂದಿಕೊಳ್ಳಲು ತಾಳ್ಮೆ ಬೇಕು. ಅವನ್ನು ಕೊನೆಗಿಟ್ಟುಕೊಳ್ಳುವುದು ಒಳ್ಳೆಯದು. 2018ರ ‘ಅನ್ ಓತ್ರ್ ಬ್ಲಾಂ’ ತಮ್ಮ ಕೊನೆಯ ಆಲ್ಬಮ್ ಎಂದು ಅವರು ಘೋಷಿಸಿದ್ದರೂ 2025ರಲ್ಲಿ ‘ಸೋ ಕೋನೋ’ ಬಂತು. ಬಹುಪಾಲು ಅವರ ಕಂಠ ಮತ್ತು ಅವರದೇ ಗಿಟಾರು ಇರುವ ಅದರ ಮುದ್ರಣ ಜಪಾನಿನ ಕ್ಯೋಟೋದ ಹೋಟೆಲ್ ಕೋಣೆಯೊಂದರಲ್ಲಿ ನಡೆಯಿತು. ದನಿಯಲ್ಲಿ ವಯಸ್ಸು ಕೇಳುತ್ತದೆ, ಹಿಂದಿನ ಕಸುವನ್ನು ಅದರಲ್ಲಿ ಹುಡುಕಬೇಡಿ. ಗಿಟಾರನ್ನು ಅವರು ಎಷ್ಟು ಚೆನ್ನಾಗಿ ನುಡಿಸುತ್ತಾರೆ ಎಂಬುದು, ದೊಡ್ಡ ಮೇಳಗಳ ಮುಂದೆ ನಿಂತು ಹಾಡಿದ ವರ್ಷಗಳಲ್ಲಿ ಗಮನಕ್ಕೆ ಬಾರದಿದ್ದುದು, ಅದರಲ್ಲಿ ಸ್ಪಷ್ಟವಾಗಿ ಕೇಳಸಿಗುತ್ತದೆ.